ನಗೆಯ ಹಕ್ಕುದಾರರು

ಹಿಂದಿನ ತಿಂಗಳು ನಮ್ಮ ಸಂಘದ ಕೂಟದಲ್ಲಿ ಹಾಸ್ಯರಸದ ವಿಷಯವಾಗಿ ಮಾತು ಬಂದಾಗ, ಮಾನ್ಯ ಮಿತ್ರರೊಬ್ಬರು, ಹೆಂಗಸರು ನಗಬಲ್ಲರೇ ಹೊರತು ನಗಿಸಲಾರರೆಂದು ಒಂದೇ ಮಾತಿನಲ್ಲಿ ತೀರ್ಪಿತ್ತು, ಅದಕ್ಕೆ ಪ್ರಮಾಣವಾಗಿ ಅಮೆರಿಕದ ಒಂದು ಚಲಚ್ಚಿತ್ರವನ್ನು ಹೆಸರಿಸಿದರು. 2016ರಲ್ಲಿ ಹೊರಬಂದ 'ಘೋಸ್ಟ್‌ಬಸ್ಟರ್ಸ್' ಎಂಬುದೇ ಆ ಚಿತ್ರ. ತಾವು ಅದನ್ನು ನೋಡಿರುವಿರಾ ಎಂದು ಕೇಳಿದುದಕ್ಕೆ, ನೋಡಿಲ್ಲ, ಆದರೆ ಅದು ಬಿದ್ದುಹೋದ ಸಂಗತಿ ಲೋಕಪ್ರಸಿದ್ಧವಷ್ಟೆ, ಎಂದು ಉತ್ತರ ಬಂದಿತು. ಆ ಉತ್ತರವೇ ಈ ಲೇಖನಕ್ಕೆ ಕಾರಣ. ನಾನಾದರೋ ಮಗಳ ಮನೆಯಲ್ಲಿ ಮೊಮ್ಮಗಳ ಜೊತೆ ಕುಳಿತು ಈ ಚಿತ್ರವನ್ನೂ ಇದರ ಮೂಲವನ್ನೂ ನೋಡಿದ್ದೆನು. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವನಿಗೆ ಭೂತ ಹಿಡಿಯುವ ಅಮೆರಿಕನ್ನರ ಗೊಡವೆ ಏಕೆಂದು ವಾಚಕರು ಕೇಳಬಹುದು. ರಸವು ಎಲ್ಲಿಯೇ ಕೆಡಲಿ, ಏಕೆ ಕೆಟ್ಟಿತೆಂದು ವಿಚಾರಿಸುವುದು ಆ ಶಾಸ್ತ್ರದವರ ಹಳೆಯ ಚಾಳಿಯೆಂದು ಕ್ಷಮಿಸಬೇಕು.

ಮೂಲಚಿತ್ರವು 1984ರ ಜೂನ್ ತಿಂಗಳಿನಲ್ಲಿ ಬಂದುದು. ಐವಾನ್ ರೈಟ್‌ಮನ್ ಅದರ ನಿರ್ದೇಶಕರು. ಡ್ಯಾನ್ ಅಯ್ಕ್ರಾಯ್ಡ್, ಹೆರಾಲ್ಡ್ ರಾಮಿಸ್ ಇವರಿಬ್ಬರು ಕಥೆಯನ್ನು ಬರೆದು ತಾವೂ ಅಭಿನಯಿಸಿದರು. ಜೊತೆಗೆ ಬಿಲ್ ಮರ್ರೆ ಮತ್ತು ಎರ್ನಿ ಹಡ್ಸನ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊರದಬ್ಬಿದ ಮೂವರು ಪಂಡಿತರು, ಬೆಂಕಿ ಆರಿಸುವವರ ಹಳೆಯ ಠಾಣೆಯೊಂದನ್ನು ಹಿಡಿದು ಅದರಲ್ಲಿ ಭೂತ ಹಿಡಿಯುವ ವ್ಯಾಪಾರವನ್ನು ತೆರೆಯುತ್ತಾರೆ. ನಾಲ್ಕನೆಯವನು ಸಂಬಳಕ್ಕಾಗಿ ಬಂದು ಸೇರುತ್ತಾನೆ. ಮನೆಯಲ್ಲಿ ಹೆಗ್ಗಣ ಹೆಚ್ಚಿದರೆ ಆಳನ್ನು ಕರೆಸುವಂತೆ ಊರಿನವರು ಇವರನ್ನು ಕರೆಸುವರು. ದೊಡ್ಡದೊಂದು ಹೋಟೆಲಿನಲ್ಲಿ ಭೂತವನ್ನು ಹಿಡಿಯಹೋಗಿ ಅಲ್ಲಿನ ಸಭಾಂಗಣವನ್ನೇ ಹಾಳುಗೆಡವಿ, ಹಿಡಿದುದಕ್ಕೆ 4000 ಡಾಲರು, ಯಂತ್ರದ ಖರ್ಚಿಗೂ ಭೂತವನ್ನು ಇರಿಸಿಕೊಳ್ಳುವುದಕ್ಕೂ 1000 ಡಾಲರು, ಎಂದು ಮುಖದ ಗಂಟು ಸಡಿಲಿಸದೆ ಲೆಕ್ಕವನ್ನೊಪ್ಪಿಸುವರು. ಹಾಸ್ಯಕ್ಕೆ ಭಯಾನಕವು ವಿರೋಧಿಯೆಂದು ಸಾಹಿತ್ಯದರ್ಪಣಕಾರನು ಹೇಳಿದ್ದಾನೆ. ಈ ಚಿತ್ರವು ಆ ವಿರೋಧವನ್ನು ಪರಿಹರಿಸಿರುವ ಬಗೆ ಬಹು ಸೊಗಸಾದುದು. ಭೂತವು ಭಯಂಕರವಾಗಿಯೇ ಉಳಿಯುತ್ತದೆ; ಹೆದರಬೇಕಾದವರು ಮಾತ್ರ ಹೆದರದೆ ಹಣ ಕೇಳುತ್ತಾರೆ. ನಗುವು ಹುಟ್ಟುವುದು ಭೂತದಿಂದಲ್ಲ, ಕಸುಬಿನಿಂದ. ಈ ಕೀಲನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇದರಲ್ಲಿ ಗಂಡಸೇ ಆಗಬೇಕಾದ ಅಂಶವು ಒಂದೂ ಇಲ್ಲ.

ಚಿತ್ರವು ಅಪಾರವಾಗಿ ಗೆದ್ದಿತು. 1989ರಲ್ಲಿ ಎರಡನೆಯ ಭಾಗ ಬಂದಿತು. ನಡುವೆ ಮಕ್ಕಳಿಗಾಗಿ ಚಿತ್ರಮಾಲಿಕೆ, ಆಟದ ಸಾಮಾನುಗಳು. ಅಂದು ಹತ್ತು ವರ್ಷದ ಹುಡುಗರಾಗಿದ್ದು ಬೆನ್ನಿಗೆ ಸುಳ್ಳು ಯಂತ್ರವನ್ನು ಕಟ್ಟಿಕೊಂಡು ಮನೆಯ ಮೂಲೆಮೂಲೆಗಳಲ್ಲಿ ಭೂತ ಹುಡುಕಿದವರು 2016ರಲ್ಲಿ ನಾಲ್ವತ್ತು ದಾಟಿದ ಗೃಹಸ್ಥರಾಗಿದ್ದರು. ಅಷ್ಟರಲ್ಲಿ ಪಾಲ್ ಫೀಗ್ ಎಂಬ ನಿರ್ದೇಶಕರು, ಕೇಟಿ ಡಿಪ್ಪೋಲ್ಡ್ ಅವರೊಡನೆ ಕಥೆ ಬರೆದು, ಮೆಲಿಸ್ಸಾ ಮೆಕಾರ್ತಿ, ಕ್ರಿಸ್ಟೆನ್ ವಿಗ್, ಕೇಟ್ ಮೆಕಿನ್ನನ್, ಲೆಸ್ಲಿ ಜೋನ್ಸ್ ಎಂಬ ನಾಲ್ವರು ನಟಿಯರನ್ನು ಮುಂದಿಟ್ಟುಕೊಂಡು ಅದೇ ಹೆಸರಿನ ಹೊಸ ಚಿತ್ರಕ್ಕೆ ಕೈಯಿಟ್ಟರು. ಸುದ್ದಿ ಹೊರಬಿದ್ದ ಕೂಡಲೆ ಬಿರುಗಾಳಿ ಎದ್ದಿತು. ಆಗಿನ್ನೂ ಅಧ್ಯಕ್ಷಪದವಿಗೆ ಬಾರದಿದ್ದ ಡೊನಾಲ್ಡ್ ಟ್ರಂಪ್ ಅವರು ಕೂಡ 2015ರ ಜನವರಿಯಲ್ಲಿ, ಹೆಂಗಸರನ್ನೇ ಇಟ್ಟು ಇದನ್ನು ಮಾಡುತ್ತಿರುವರಲ್ಲಾ ಎಂದು ವಿಡಿಯೋ ಮೂಲಕ ಹುಬ್ಬುಗಂಟಿಕ್ಕಿದರು. 2016ರ ಮಾರ್ಚಿಯಲ್ಲಿ ಬಂದ ಟ್ರೇಲರ್ ಎಂಬ ಮುನ್ನೋಟವು, ಯೂಟ್ಯೂಬಿನಲ್ಲಿ ಅದುವರೆಗೆ ಯಾವ ಚಿತ್ರದ ಟ್ರೇಲರಿಗೂ ಬೀಳದಷ್ಟು ಅಸಮ್ಮತಿಯ ಗುರುತುಗಳನ್ನು ಪಡೆಯಿತು. ಚಿತ್ರವು ತೆರೆಗೆ ಬರುವುದಕ್ಕೆ ಮುಂಚೆಯೇ ಅದಕ್ಕೆ ಕೀಳಂಕಗಳನ್ನು ಕೊಟ್ಟವರೂ ಉಂಟು. ಉತ್ತರಪತ್ರಿಕೆಯನ್ನು ಬಿಚ್ಚದೆ ಅಂಕವಿಡುವ ಪರೀಕ್ಷಕನನ್ನು ನಾವು ಏನೆನ್ನುತ್ತಿದ್ದೆವು?

ಆದರೆ ಎದುರುಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆಂದು ನಾನು ಹೇಳುವವನಲ್ಲ. ಹೆರಾಲ್ಡ್ ರಾಮಿಸ್ ಅವರು 2014ರಲ್ಲಿ ತೀರಿಕೊಂಡಿದ್ದರು. ಉಳಿದ ಹಳಬರನ್ನು ಮತ್ತೊಮ್ಮೆ ಒಟ್ಟಿಗೆ ನೋಡಬೇಕೆಂದು ಇಪ್ಪತ್ತೈದು ವರ್ಷ ಕಾದವರಿಗೆ ಆಶಾಭಂಗವಾದುದು ಸಹಜ. ಮುನ್ನೋಟವಾದರೂ ಜಾಣತನದಿಂದ ಮಾಡಿದುದಲ್ಲ. ಮೂವತ್ತು ವರ್ಷಗಳ ಹಿಂದೆ ನಾಲ್ವರು ವಿಜ್ಞಾನಿಗಳು ನ್ಯೂಯಾರ್ಕನ್ನು ಕಾಪಾಡಿದರೆಂದು ಅದು ಆರಂಭವಾಗುತ್ತದೆ; ಹೊಸ ಚಿತ್ರದಲ್ಲಾದರೋ ಹಳೆಯ ಕಥೆ ನಡೆದೇ ಇಲ್ಲ. ಅದೂ ಅಲ್ಲದೆ ಆ ನಾಲ್ವರಲ್ಲಿ ವಿಜ್ಞಾನಿಗಳು ಮೂವರೇ. ತಮ್ಮ ಮನೆಯ ಲೆಕ್ಕವನ್ನೇ ತಪ್ಪಿ ಹೇಳುವವರ ಮೇಲೆ ಹಳೆಯ ಅಭಿಮಾನಿಗೆ ವಿಶ್ವಾಸ ಹುಟ್ಟುವುದು ಹೇಗೆ? ನಾಲ್ವರಲ್ಲಿ ಕರಿಯ ನಟಿಯೊಬ್ಬಳಿಗೆ ಮಾತ್ರ ವಿದ್ವಾಂಸಳ ಪಾತ್ರವನ್ನು ಕೊಡದೆ ನೆಲದಡಿಯ ರೈಲಿನ ನೌಕರಳ ಪಾತ್ರವನ್ನು ಕೊಟ್ಟರೆಂಬ ಆಕ್ಷೇಪವೂ ಬಂದಿತು. ಅದು ತೂಕವುಳ್ಳ ಆಕ್ಷೇಪ. ಆದರೆ 1984ರಲ್ಲಿಯೂ ಸಂಬಳಕ್ಕೆ ಬಂದ ನಾಲ್ಕನೆಯವನು ಕರಿಯನೇ ಆಗಿದ್ದನು.

ಈ ಆಕ್ಷೇಪಗಳೆಲ್ಲ ಆಕ್ಷೇಪಗಳಾಗಿಯೇ ನಿಂತಿದ್ದರೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಚಿತ್ರವು 2016ರ ಜುಲೈ 15ರಂದು ಅಮೆರಿಕದಲ್ಲಿ ತೆರೆಗೆ ಬಂದಿತು. ಅದರ ಮೂರು ನಾಲ್ಕು ದಿನಗಳಲ್ಲಿ, ಟ್ವಿಟ್ಟರ್ ಎಂದು ಆಗ ಹೆಸರಿದ್ದ ಜಾಲದಲ್ಲಿ ಲೆಸ್ಲಿ ಜೋನ್ಸ್ ಅವರ ಮೇಲೆ ಜನರು ಮುಗಿಬಿದ್ದು, ಆಕೆಯ ಬಣ್ಣವನ್ನೂ ರೂಪವನ್ನೂ ಕುರಿತು ಆಡಿದ ಮಾತುಗಳನ್ನು ಈ ಪುಟದಲ್ಲಿ ಬರೆಯಲಾಗದು. ಆಕೆ ಕೆಲವು ಕಾಲ ಆ ಜಾಲವನ್ನೇ ಬಿಟ್ಟು ಹೋದರು. ಹುರಿದುಂಬಿಸಿದವರಲ್ಲಿ ಮುಖ್ಯನೊಬ್ಬನನ್ನು ಸಂಸ್ಥೆಯವರು ಶಾಶ್ವತವಾಗಿ ಹೊರಹಾಕಿದರು. ಆಗಸ್ಟಿನಲ್ಲಿ ಕಳ್ಳದಾರಿಯಿಂದ ಆಕೆಯ ಖಾಸಗಿ ಚಿತ್ರಗಳನ್ನು ಆಕೆಯ ಜಾಲತಾಣದಲ್ಲಿಯೇ ಬಯಲಿಗೆ ತಂದರು. ನಗಿಸುವ ಕಸುಬಿನ ಒಬ್ಬ ಹೆಂಗಸು ಒಂದು ತಮಾಷೆಯ ಚಿತ್ರದಲ್ಲಿ ಅಭಿನಯಿಸಿದುದಕ್ಕೆ ಬಂದ ಶಿಕ್ಷೆ ಇದು. ನಮ್ಮ ಮಿತ್ರರು 'ಬಿದ್ದುಹೋದ ಚಿತ್ರ' ಎಂದಾಗ ಅವರಿಗೆ ಈ ಅಂಶವು ತಿಳಿದಿರಲಿಲ್ಲ. ತಿಳಿಸಿದ ಮೇಲೆ ಅವರು ಸುಮ್ಮನಾದುದು ಅವರ ಸಜ್ಜನಿಕೆ.

ಇನ್ನು ಶಾಸ್ತ್ರದ ಮಾತು. ಸಹೃದಯನಲ್ಲಿ ವಾಸನೆಯಿಲ್ಲದೆ ರಸಾಸ್ವಾದವಿಲ್ಲವೆಂದು ನಮ್ಮವರ ಸಿದ್ಧಾಂತ. ಹಿಂದೆ ನಕ್ಕ ಸಂಸ್ಕಾರವುಳ್ಳವನೇ ಮತ್ತೆ ನಗಬಲ್ಲನು. ಆದರೆ ಅಭಿನವಗುಪ್ತನು ಅದೇ ಉಸಿರಿನಲ್ಲಿ ರಸಕ್ಕೆ ಏಳು ವಿಘ್ನಗಳನ್ನು ಎಣಿಸಿ, ನಿಜಸುಖಾದಿವಿವಶೀಭಾವವೆಂಬುದನ್ನು ಅವುಗಳಲ್ಲಿ ಸೇರಿಸಿದ್ದಾನೆ. ತನ್ನ ಸ್ವಂತದ ಸುಖದುಃಖಗಳಿಗೆ ಪರವಶನಾಗಿ ಕುಳಿತವನು ಮುಂದೆ ನಡೆಯುವುದನ್ನು ಕಾಣಲಾರನೆಂದು ಇದರ ತಾತ್ಪರ್ಯ. ದುಃಖಪರವಶನ ಸ್ಥಿತಿ ಸುಲಭವಾಗಿ ಅರ್ಥವಾಗುತ್ತದೆ. ಮನೆಯಲ್ಲಿ ಸಾವಾದವನಿಗೆ ನಾಟಕ ರುಚಿಸದು. ಸುಖಪರವಶತೆ ಹೇಗೆ ವಿಘ್ನವೆಂಬುದು ವಿದ್ಯಾರ್ಥಿದೆಸೆಯಲ್ಲಿ ನನಗೆ ಹಿಡಿದಿರಲಿಲ್ಲ, ಗುರುಗಳ ವ್ಯಾಖ್ಯಾನದಿಂದಲೂ ಸಂಶಯ ತೀರಿರಲಿಲ್ಲ. ಅದು ತೀರಿದುದು ಈ ಗಲಭೆಯ ವಿಚಾರವನ್ನು ಓದಿದ ಮೇಲೆ. ಹಳೆಯ ಚಿತ್ರದ ಅಭಿಮಾನಿಗಳಲ್ಲಿ ಅನೇಕರು, ಹೊಸದು ಬಂದು ತಮ್ಮ ಬಾಲ್ಯವನ್ನೇ ಕೆಡಿಸಿತೆಂದು ದೂರಿದರು. 1984ರ ಚಿತ್ರವು ಅಳಿಸಿಹೋಗಿರಲಿಲ್ಲ, ಬೇಕೆಂದಾಗ ನೋಡಬಹುದಾಗಿತ್ತು. ಕೆಟ್ಟುದು ಚಿತ್ರವಲ್ಲ, ತಾವು ಅದನ್ನು ನೋಡಿ ಪಟ್ಟ ಸುಖದ ಮೇಲೆ ತಮಗೊಬ್ಬರಿಗೇ ಪಟ್ಟಾ ಉಂಟೆಂಬ ಭಾವನೆ.

ವಿಚಿತ್ರವೇನೆಂದರೆ, ಚಿತ್ರದ ಪರವಾಗಿ ನಿಂತವರಿಗೂ ಇದೇ ವಿಘ್ನವು ತಟ್ಟಿತು. ಇದನ್ನು ಮೆಚ್ಚುವುದು ಧರ್ಮ, ಮೆಚ್ಚದಿರುವುದು ಪಾಪ ಎಂಬಷ್ಟರ ಮಟ್ಟಿಗೆ ಕೆಲವರು ವಾದಿಸಿದರು. ಧರ್ಮಾರ್ಥವಾಗಿ ನಗುವವನ ನಗುವು ಯಾರಿಗೆ ಬೇಕು? ಎರಡು ಸೇನೆಗಳ ನಡುವೆ ಪಾಪ, ಆ ಚಿತ್ರವು ವಿಮರ್ಶೆಯೆಂಬುದನ್ನೇ ಕಾಣದೆ ಹೋಯಿತು. ತಯಾರಿಕೆಗೆ ಸುಮಾರು 14 ಕೋಟಿ ಡಾಲರು, ಜಗತ್ತಿನಾದ್ಯಂತ ಟಿಕೇಟಿನಿಂದ ಬಂದುದು ಸುಮಾರು 23 ಕೋಟಿ. ಚಿತ್ರಮಂದಿರದವರ ಪಾಲನ್ನೂ ಜಾಹೀರಾತಿನ ಖರ್ಚನ್ನೂ ಕಳೆದರೆ ಲಾಭಕ್ಕೆ ಎಡೆಯಿಲ್ಲವೆಂದು ಎಲ್ಲರೂ ಲೆಕ್ಕ ಹಾಕಿದರು. ಗುಣದೋಷಗಳನ್ನು ಲೆಕ್ಕ ಹಾಕಿದವರು ಕಡಿಮೆ.

ನನ್ನ ಮಟ್ಟಿಗೆ ಹೇಳುವುದಾದರೆ, ಚಿತ್ರದ ಮೊದಲರ್ಧವು ಚೆನ್ನಾಗಿದೆ. ಹಳೆಯ ಕಥೆಯ ಪಂಡಿತರು ವಿಶ್ವವಿದ್ಯಾಲಯದಿಂದ ಹೊರಬಿದ್ದುದು ಕೆಲಸಗಳ್ಳರೆಂದು. ಹೊಸ ಕಥೆಯ ಅಧ್ಯಾಪಕಿ ಹೊರಬೀಳುವುದು, ಭೂತವನ್ನು ಕಣ್ಣಾರೆ ಕಂಡು, ಕಂಡೆನೆಂದು ಸಂತೋಷದಿಂದ ಕೂಗಿಕೊಂಡುದಕ್ಕೆ. ನಗರದ ಮೇಯರು ಈ ಹೆಂಗಸರಿಗೆ ಗುಟ್ಟಾಗಿ ಕೃತಜ್ಞತೆಯನ್ನು ತಿಳಿಸಿ, ಬಹಿರಂಗವಾಗಿ ವಂಚಕಿಯರೆಂದು ಸಾರಿಸುತ್ತಾನೆ. ಈ ಎರಡು ಕಡೆಗಳಲ್ಲಿ ಹೊಸ ಚಿತ್ರವು ಹಳೆಯದರ ನೆರಳಿನಿಂದ ಹೊರಬಂದು ತನ್ನದೇ ನಗೆಯನ್ನು ಹುಡುಕಿಕೊಂಡಿದೆ. ಕೇಟ್ ಮೆಕಿನ್ನನ್ ಅವರ ಯಂತ್ರಶಿಲ್ಪಿಯ ಪಾತ್ರವಂತೂ ಇಡೀ ಚಿತ್ರಕ್ಕೆ ಕಳಶಪ್ರಾಯ: ಆಕೆ ಯಾರನ್ನೂ ನಗಿಸಲು ಯತ್ನಿಸುವುದಿಲ್ಲ, ತನ್ನ ಕೆಲಸದಲ್ಲಿ ತಾನು ಮುಳುಗಿರುತ್ತಾಳೆ, ಹಳೆಯ ಕೀಲು ಇದೇ ಅಲ್ಲವೆ? ಕಚೇರಿಯ ಗುಮಾಸ್ತನಾಗಿ ಕ್ರಿಸ್ ಹೆಮ್ಸ್‌ವರ್ತ್ ಎಂಬ ಸ್ಫುರದ್ರೂಪಿ ನಟನಿದ್ದಾನೆ. ಕನ್ನಡಕದ ಗಾಜು ಕೊಳೆಯಾಗುತ್ತದೆಂದು ಗಾಜುಗಳನ್ನೇ ತೆಗೆದು ಬರಿಯ ಚೌಕಟ್ಟನ್ನು ಧರಿಸುವಷ್ಟು ಜಾಣ. ರೂಪಕ್ಕಾಗಿ ಕೆಲಸಕ್ಕಿಟ್ಟ ಬುದ್ಧಿಯಿಲ್ಲದ ಹೆಣ್ಣು ಎಂಬ ಹಳಸಲು ಹಾಸ್ಯವನ್ನು ಚಿತ್ರಗಳು ಎಷ್ಟು ಸಲ ಬಡಿಸಿಲ್ಲ! ಒಂದು ಸಲ ತಟ್ಟೆಯನ್ನು ತಿರುಗಿಸಿ ಇಟ್ಟಿದ್ದಾರೆ, ಅಷ್ಟೆ.

ದೋಷಗಳೂ ಉಂಟು, ಅಲ್ಪವಲ್ಲ. ಮಾತು ಬೆಳೆಯುತ್ತದೆ, ನಟಿಯರು ಒಂದು ಪರಿಹಾಸ ಸಾಕಾದೆಡೆಯಲ್ಲಿ ಮೂರು ಆಡುತ್ತಾರೆ. ಕೊನೆಯ ಯುದ್ಧವು ಬೆಳಕು ಸದ್ದುಗಳ ಜಾತ್ರೆಯಾಗಿ ಹಾಸ್ಯವು ತಳದಲ್ಲಿ ಸಿಕ್ಕಿಕೊಂಡಿದೆ. ಎಲ್ಲಕ್ಕಿಂತ ದೊಡ್ಡ ದೋಷವು ಅಂಜಿಕೆಯಿಂದ ಬಂದುದು. ಹಳೆಯ ನಟರನ್ನು ಒಬ್ಬೊಬ್ಬರನ್ನಾಗಿ ಕರೆತಂದು, ಟ್ಯಾಕ್ಸಿಯವನಾಗಿ ಒಬ್ಬರು, ಭೂತವನ್ನು ನಂಬದ ಪಂಡಿತನಾಗಿ ಇನ್ನೊಬ್ಬರು, ಹೀಗೆ ನಿಲ್ಲಿಸಿದ್ದಾರೆ. ಪ್ರತಿಯೊಬ್ಬರು ಬಂದಾಗಲೂ ಕಥೆಯು ಎದ್ದುನಿಂತು ಕೈಮುಗಿಯುತ್ತದೆ. ಇನ್ನೊಂದೆಡೆ, ಹೆಂಗಸರು ಭೂತ ಹಿಡಿಯಲಾರರೆಂದು ಯಾರೋ ಬರೆದ ಹೀನಮಾತನ್ನು ಪಾತ್ರಗಳೇ ಓದಿ ಹೇಳುವಂತೆ ಮಾಡಿ ವಿರೋಧಿಗಳಿಗೆ ಉತ್ತರ ಕೊಟ್ಟಿದ್ದಾರೆ. ಹೊರಗಿನ ಜಗಳಕ್ಕೆ ಒಳಗಿನಿಂದ ಉತ್ತರ ಕೊಡತೊಡಗಿದ ಕೂಡಲೆ ನಾಟಕವು ನ್ಯಾಯಾಲಯವಾಗುತ್ತದೆ. ಹಳಬರಿಗೆ ಕೈಮುಗಿದೂ ಆಯಿತು, ಜಗಳವಾಡಿದೂ ಆಯಿತು. ಎರಡರಿಂದಲೂ ಫಲವಿಲ್ಲದೆ ಹೋಯಿತು.

ಹೆಂಗಸರು ನಗಿಸಲಾರರೆಂಬ ಮೂಲವಾದಕ್ಕೆ ಬರೋಣ. ಹಾಸ್ಯರಸವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಗಳಲ್ಲಿಯೂ ಹೆಚ್ಚಾಗಿ ಕಾಣುವುದೆಂದು ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಇದು ಸ್ತ್ರೀಯರಿಗೆ ಸಲ್ಲಿಸಿದ ಮರ್ಯಾದೆಯೇನೂ ಅಲ್ಲ. ಅವರ ಜೊತೆಗೆ ಯಾರನ್ನು ಕೂರಿಸಿದ್ದಾನೆಂದು ನೋಡಿದರೆ ಸಾಕು. ಆದರೂ ನಗೆಯನ್ನು ಅವರ ಮನೆಯಿಂದ ಹೊರಗಟ್ಟಲು ಭರತನ ಹೆಸರು ನೆರವಾಗದು. ನಮ್ಮ ನಾಡಿನಲ್ಲಿಯೇ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನ, ಭೀಮನ ವೇಷಗಳಲ್ಲಿ ತಾವೇ ರಂಗಕ್ಕೆ ಬಂದು ದಶಕಗಳ ಕಾಲ ಜನರನ್ನು ಮೆಚ್ಚಿಸಿದರು. ಆದರೆ ಒಂದು ಭೇದವನ್ನು ಗಮನಿಸಬೇಕು. ಅಲ್ಲಿ ಹೆಂಗಸು ಮೀಸೆಯನ್ನಂಟಿಸಿಕೊಂಡು ಗಂಡಸಾದಳು. ಭೀಮನ ಸ್ಥಾನವು ಭೀಮನಿಗೇ ಉಳಿಯಿತು. ಅಮೆರಿಕದ ಈ ನಾಲ್ವರು ಮೀಸೆಯಿಲ್ಲದೆ, ಬೇರೆ ಹೆಸರುಗಳಿಂದ, ಹೆಂಗಸರಾಗಿಯೇ ಆ ಸ್ಥಾನದಲ್ಲಿ ನಿಂತರು.

ಸ್ಥಾನದ ಪ್ರಶ್ನೆಯೇ ಮುಖ್ಯವೆಂಬುದಕ್ಕೆ 2021ರ ಚಿತ್ರವು ಸಾಕ್ಷಿ. ಐವಾನ್ ರೈಟ್‌ಮನ್ ಅವರ ಮಗ ಜೇಸನ್ ರೈಟ್‌ಮನ್ ಅದನ್ನು ನಿರ್ದೇಶಿಸಿದರು. ಅದು 2016ರದನ್ನು ಕಂಡೇ ಇಲ್ಲವೆಂಬಂತೆ ಬದಿಗಿಟ್ಟು ಹಳೆಯ ಕಥೆಯನ್ನು ಮುಂದುವರಿಸಿತು. ರಾಮಿಸ್ ಅವರ ಪಾತ್ರದ ಮೊಮ್ಮಗಳಾದ ಒಬ್ಬ ಬಾಲಕಿಯೇ ಅದರ ನಾಯಿಕೆ. ಬುದ್ಧಿವಂತೆ, ಧೈರ್ಯಶಾಲಿನಿ, ಅಜ್ಜನ ಯಂತ್ರವನ್ನು ಹೊತ್ತು ಭೂತ ಹಿಡಿಯುವವಳು. ಹಿಂದೆ ಕೂಗಾಡಿದವರಲ್ಲಿ ಬಹುಜನರು ಇವಳನ್ನು ಅಕ್ಕರೆಯಿಂದ ಬರಮಾಡಿಕೊಂಡರು. ಆದುದರಿಂದ ಹೆಣ್ಣು ಯಂತ್ರ ಹೊತ್ತುದು ಅವರಿಗೆ ಅಷ್ಟಾಗಿ ಚುಚ್ಚಲಿಲ್ಲ. ಮೊಮ್ಮಗಳಾಗಿ ಬಂದು ಅಜ್ಜನ ಸೊತ್ತನ್ನು ಅಜ್ಜನ ಹೆಸರಿನಲ್ಲಿ ಹಿಡಿದರೆ ಸಮ್ಮತ. ಯಾರ ಮೊಮ್ಮಗಳೂ ಅಲ್ಲದೆ, ಯಾರನ್ನೂ ಕೇಳದೆ, ತಾನೇ ಯಂತ್ರವನ್ನು ಮಾಡಿಕೊಂಡು ಬಂದವಳು ಅತಿಕ್ರಮಿ.

ಇದನ್ನೆಲ್ಲ ದೂರದವರ ದೋಷವೆಂದು ಬರೆದು ಮುಗಿಸುವುದು ನನಗೆ ನ್ಯಾಯವಲ್ಲ. ನಾನು ಕೆಲಸದಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಪ್ನವಾಸವದತ್ತದ ಕೆಲವು ಭಾಗಗಳನ್ನು ಆಡಿಸಿದೆನು. ವಿದೂಷಕನ ಪಾತ್ರವು ತನಗೆ ಬೇಕೆಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಾನು ಬೆನ್ನು ತಿರುಗಿಸಿದಾಗ ನನ್ನ ನಡಿಗೆಯನ್ನೇ ಅಣಕಿಸಿ ತರಗತಿಯನ್ನೆಲ್ಲ ನಗಿಸುತ್ತಿದ್ದವಳು ಆಕೆ. ಅದು ನನಗೆ ಗೊತ್ತಿತ್ತು. ವಿದೂಷಕನು ಗಂಡಸು, ಪರಂಪರೆ ಹಾಗೆ, ಎಂದು ಹೇಳಿ ಉಚ್ಚಾರಣೆ ಶುದ್ಧವಾಗಿದ್ದ ಹುಡುಗನಿಗೆ ಪಾತ್ರವನ್ನು ಕೊಟ್ಟೆನು. ಪ್ರದರ್ಶನದ ದಿನ ಒಂದು ಅಕ್ಷರವೂ ತಪ್ಪಲಿಲ್ಲ, ಒಬ್ಬರೂ ನಗಲಿಲ್ಲ. ಆಕೆ ಪರದೆಯ ಹಿಂದೆ ಪುಸ್ತಕ ಹಿಡಿದು ಕುಳಿತಿದ್ದಳು. ಹುಡುಗನು ತಡೆದಾಗ ಮಾತು ಎತ್ತಿಕೊಡುವುದಕ್ಕೆಂದು ನಾನೇ ಅವಳನ್ನು ಅಲ್ಲಿ ಕೂರಿಸಿದ್ದೆನು.

ಮೊಮ್ಮಗಳ ವಿಚಾರವನ್ನು ಹೇಳಿ ನಿಲ್ಲಿಸುತ್ತೇನೆ. ಅವಳು ಮೊದಲು ನೋಡಿದುದು 2016ರ ಚಿತ್ರ. ಆಮೇಲೆ ನಾನು ಆಗ್ರಹಪೂರ್ವಕವಾಗಿ 1984ರದನ್ನು ಹಾಕಿಸಿದೆನು, ಮಕ್ಕಳಿಗೆ ತಕ್ಕುದಲ್ಲದ ಒಂದೆರಡು ಭಾಗಗಳನ್ನು ದಾಟಿಸಿ. ಹೋಟೆಲಿನ ಲೆಕ್ಕದ ಕಡೆ ಅವಳೂ ನಾನೂ ಕೂಡಿಯೇ ನಕ್ಕೆವು. ಅರ್ಧ ಮುಗಿಯುವ ಹೊತ್ತಿಗೆ ಮಾತ್ರ ಅವಳ ಮುಖ ಸಪ್ಪಗಾಯಿತು. ಏನಮ್ಮಾ ಎಂದು ಕೇಳಿದೆನು. "ಅಜ್ಜ, ಇದರಲ್ಲಿ ಅವಳು ಬರೋದೇ ಇಲ್ವಾ, ಆ ಯಂತ್ರ ಮಾಡೋ ಅಕ್ಕ? ಅವಳನ್ಯಾಕೆ ತೆಗೆದುಬಿಟ್ಟರು?" ಎಂದಳು.