ಕೋಸ್ಟರಿಕಾದಲ್ಲಿ ಸುಸ್ಥಿರತೆಯ ಪಾಠ

ಅಮೆರಿಕದ ವಿಶ್ವವಿದ್ಯಾಲಯಗಳು ಸುಸ್ಥಿರತೆಯ ಕ್ಷೇತ್ರ ಅಧ್ಯಯನಕ್ಕೆಂದು ವಿದ್ಯಾರ್ಥಿಗಳನ್ನು ಕಳಿಸುವ ದೇಶಗಳಲ್ಲಿ ಕೋಸ್ಟರಿಕಾ ಮುಂಚೂಣಿಯಲ್ಲಿದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲುಭಾಗಕ್ಕಿಂತ ತುಸು ದೊಡ್ಡದಾದ ಈ ಮಧ್ಯ ಅಮೆರಿಕದ ದೇಶ 1948ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿತು. 1940ರ ದಶಕದಲ್ಲಿ ನಾಡಿನ ಮುಕ್ಕಾಲು ಭಾಗ ಕಾಡಿತ್ತು. ದನದ ಹುಲ್ಲುಗಾವಲಿಗೆಂದು ಕಡಿದು ಕಡಿದು 1980ರ ದಶಕದ ಹೊತ್ತಿಗೆ ಅದು ಕಾಲುಭಾಗದ ಆಸುಪಾಸಿಗೆ ಇಳಿಯಿತು. ಈಗ ಮತ್ತೆ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಕಾಡಿದೆ. ಕಳೆದುಕೊಂಡ ಕಾಡನ್ನು ಮರಳಿ ಪಡೆದ ಉಷ್ಣವಲಯದ ದೇಶಗಳು ವಿರಳವಾದ್ದರಿಂದ ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತರುವುದರಲ್ಲಿ ಅರ್ಥವಿದೆ. ಆದರೆ ಬಂದವರು ಏನನ್ನು ಕಲಿತು ಹೋಗುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ಇಂಥ ಪ್ರವಾಸಗಳಲ್ಲಿ ಎರಡು ಬಗೆ. ಹಳೆಯದು ಉಷ್ಣವಲಯ ಅಧ್ಯಯನ ಸಂಘಟನೆಯದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೂ ಕೋಸ್ಟರಿಕಾ ವಿಶ್ವವಿದ್ಯಾಲಯವೂ ಸೇರಿ 1963ರಲ್ಲಿ ಕಟ್ಟಿದ ಸಂಸ್ಥೆ ಇದು. 1968ರಲ್ಲಿ ಅದು ಲಾ ಸೆಲ್ವಾ ಎಂಬ ಜಮೀನನ್ನು ಸಸ್ಯವಿಜ್ಞಾನಿ ಲೆಸ್ಲಿ ಹೋಲ್ಡ್ರಿಜ್ ಅವರಿಂದ ಕೊಂಡು ಸಂಶೋಧನಾ ಕೇಂದ್ರವಾಗಿಸಿತು. ವರ್ಷಕ್ಕೆ ಸುಮಾರು ನಾಲ್ಕು ಮೀಟರ್ ಮಳೆ ಸುರಿಯುವ ಈ ತಗ್ಗುನಾಡಿನ ಕಾಡಿನಲ್ಲಿ ವಿದ್ಯಾರ್ಥಿಗಳು ವಾರಗಟ್ಟಲೆ ಉಳಿಯುತ್ತಾರೆ. ಎರಡನೆಯ ಬಗೆ ಇತ್ತೀಚಿನ ದಶಕಗಳಲ್ಲಿ ಹಬ್ಬಿದ ಹತ್ತು ಹನ್ನೆರಡು ದಿನಗಳ ತಿರುಗಾಟ. ರಾಜಧಾನಿ ಸ್ಯಾನ್ ಹೊಸೆಯಲ್ಲಿ ಇಳಿದು, ಅರೆನಾಲ್ ಜ್ವಾಲಾಮುಖಿ, ಮಾಂಟೆವರ್ಡೆಯ ಮೋಡದ ಕಾಡು, ಒಂದು ಕಾಫಿ ತೋಟ, ಒಂದು ಕಡಲತೀರ ನೋಡಿ, ನಡುವೆ ಎಲ್ಲೋ ಒಂದಿಷ್ಟು ಸಸಿ ನೆಟ್ಟು ಮರಳುವುದು. ಇಂದು ವಿದೇಶಕ್ಕೆ ಓದಲು ಹೋಗುವ ಅಮೆರಿಕದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಲ್ಪಾವಧಿಯ ಕಾರ್ಯಕ್ರಮಗಳಲ್ಲೇ ಹೋಗುತ್ತಾರೆ.

ಮೊದಲ ಬಗೆಯಲ್ಲಿ ಕಲಿಕೆ ಹೇಗೆ ಸಾಗುತ್ತದೆ ಎಂಬುದಕ್ಕೆ ಮರ ಅಳೆಯುವ ಕೆಲಸವನ್ನೇ ನೋಡಬಹುದು. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಎದೆಯ ಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತಿ ಅಳತೆ ತೆಗೆಯಬೇಕು ಎಂಬುದು ಪುಸ್ತಕದ ನಿಯಮ. ಮಳೆಕಾಡಿನ ಮರಗಳಲ್ಲಿ ಅನೇಕವಕ್ಕೆ ಬುಡದಲ್ಲಿ ಹಲಗೆಯಂಥ ಆನಿಕೆ ಬೇರುಗಳು ಚಾಚಿಕೊಂಡಿರುತ್ತವೆ. ಆ ಎತ್ತರದಲ್ಲಿ ಟೇಪು ಸುತ್ತಿದರೆ ಅಳತೆಯಾಗುವುದು ಬೇರು, ಕಾಂಡವಲ್ಲ. ಹಾಗಾಗಿ ಏಣಿ ಹತ್ತಿ ಬೇರು ಮುಗಿಯುವಲ್ಲಿಂದ ಮೇಲೆ ಅಳೆಯಬೇಕು, ಆ ಜಾಗಕ್ಕೆ ಗುರುತು ಹಾಕಬೇಕು, ಮುಂದಿನ ವರ್ಷ ಬರುವವರು ಅಲ್ಲಿಯೇ ಅಳೆಯಬೇಕು. ಇಷ್ಟಾದ ಮೇಲೆ ಸಿಗುವುದು ಒಂದು ಮರದ ಒಂದು ಅಂಕಿ. ಕಾಡು ಇಂತಿಷ್ಟು ಇಂಗಾಲ ಹಿಡಿದಿಟ್ಟಿದೆ ಎಂಬ ಹೇಳಿಕೆಯ ಹಿಂದೆ ಇಂಥ ಎಷ್ಟು ಅಂಕಿಗಳಿವೆ, ಅವುಗಳಲ್ಲಿ ಎಷ್ಟು ತಪ್ಪು ನುಸುಳಬಹುದು ಎಂಬುದು ಏಣಿ ಹತ್ತಿದವರಿಗೆ ತಾನಾಗಿಯೇ ತಿಳಿಯುತ್ತದೆ. ಸಸಿ ನೆಟ್ಟು ಫೋಟೋ ತೆಗೆಸಿಕೊಂಡವರಿಗೆ ಇದು ತಿಳಿಯುವ ದಾರಿಯಿಲ್ಲ.

ಅಲ್ಪಾವಧಿ ಪ್ರವಾಸದ ದೊಡ್ಡ ಕೊರತೆ ಅದು ಫಲವನ್ನು ತೋರಿಸಿ ಕಾರಣವನ್ನು ಮರೆಮಾಡುವುದು. ಮಾಂಟೆವರ್ಡೆಯ ಕಾಡು ಉಳಿದದ್ದಕ್ಕೆ ಸರ್ಕಾರದ ಯೋಜನೆಯೇನೂ ಮೂಲವಲ್ಲ. ಯುದ್ಧ ಸೇವೆಯನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಅಮೆರಿಕದ ಅಲಬಾಮಾದಿಂದ 1951ರ ಸುಮಾರಿಗೆ ಇಲ್ಲಿಗೆ ಬಂದು ಹೈನುಗಾರಿಕೆ, ಚೀಸ್ ತಯಾರಿಕೆ ಆರಂಭಿಸಿದವು. ನೀರಿನ ಮೂಲ ಉಳಿಯಲೆಂದು ಬೆಟ್ಟದ ಮೇಲಿನ ಕಾಡನ್ನು ಅವು ಕಡಿಯದೆ ಬಿಟ್ಟವು. ರಕ್ಷಿತಾರಣ್ಯ ಆದದ್ದು 1972ರಲ್ಲಿ. ಅಷ್ಟು ಜೋಪಾನ ಮಾಡಿದ ಕಾಡಿನಲ್ಲೂ ಚಿನ್ನದ ಬಣ್ಣದ ನೆಲಗಪ್ಪೆಗಳು 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡಿದ್ದವು, 1989ರಲ್ಲಿ ಒಂದೇ ಒಂದು ಕಂಡಿತು. ಆಮೇಲೆ ಯಾರೂ ಅದನ್ನು ನೋಡಿಲ್ಲ. ಶಿಲೀಂಧ್ರ ರೋಗವೂ ಒಣ ಹವೆಯೂ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಬೇಲಿ ಹಾಕಿ ಕಾಯ್ದರೂ ಒಂದು ಜೀವಿ ಅಳಿಯಬಹುದು ಎಂಬ ಈ ಕಹಿ ಪಾಠ ಮಾಂಟೆವರ್ಡೆಯ ನಿಜವಾದ ಕೊಡುಗೆ. ತಂತಿಯ ಮೇಲೆ ಜಾರಿ ಮರದ ತುದಿಗಳನ್ನು ದಾಟುವ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ.

ಪರಿಸರ ಸೇವೆಗೆ ಹಣ ಕೊಡುವ ಯೋಜನೆಯ ಕಥೆಯೂ ಹೀಗೆಯೇ. 1996ರ ಅರಣ್ಯ ಕಾನೂನಿನ ಅಡಿಯಲ್ಲಿ, ಇಂಧನದ ಮೇಲಿನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಹಂಚಲಾಗುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಕಾಡು ಮರಳಿದ ಗುಟ್ಟು ಎಂಬಂತೆ ಹೇಳುವುದುಂಟು. ಆದರೆ ದನದ ಮಾಂಸದ ವ್ಯಾಪಾರ 1980ರ ದಶಕದಲ್ಲೇ ಕುಸಿದು ಹುಲ್ಲುಗಾವಲುಗಳು ಪಾಳು ಬಿದ್ದಿದ್ದವು. ಕಾಡನ್ನು ಬೇರೆ ಬಳಕೆಗೆ ಪರಿವರ್ತಿಸಬಾರದೆಂಬ ನಿಷೇಧವೂ ಅದೇ ಕಾನೂನಿನಲ್ಲಿತ್ತು. ಹಣ ಕೊಡದಿದ್ದರೂ ಆ ಕಾಡುಗಳಲ್ಲಿ ಹೆಚ್ಚಿನವು ಉಳಿಯುತ್ತಿದ್ದವು ಎಂದು ವಾದಿಸುವ ಅಧ್ಯಯನಗಳಿವೆ. ಯೋಜನೆ ನಿಷ್ಪ್ರಯೋಜಕವೆಂದು ಇದರರ್ಥವಲ್ಲ. ಒಂದು ಮಾದರಿಯನ್ನು ತಮ್ಮ ಊರಿಗೆ ಕೊಂಡೊಯ್ಯಲು ಬಂದವರಿಗೆ ಅದರ ಜೊತೆ ಏನೇನು ಕೂಡಿ ಬಂದಿತ್ತು ಎಂಬುದು ಗೊತ್ತಿರಬೇಕು, ಅಷ್ಟೇ.

ವಿದ್ಯುತ್ತಿನ ವಿಷಯದಲ್ಲಿ ಕೋಸ್ಟರಿಕಾದ ಸಾಧನೆ ದೊಡ್ಡದು. 2015ರಿಂದೀಚೆಗೆ ಬಹುತೇಕ ವರ್ಷಗಳಲ್ಲಿ ಶೇ. 98ರ ಆಸುಪಾಸಿನಷ್ಟು ವಿದ್ಯುತ್ತು ನವೀಕರಿಸಬಹುದಾದ ಮೂಲಗಳಿಂದಲೇ ಬಂದಿದೆ. ಅದರಲ್ಲಿ ಸಿಂಹಪಾಲು ಜಲವಿದ್ಯುತ್ತಿನದು. ಆದರೆ ದೇಶ ಬಳಸುವ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಪೆಟ್ರೋಲ್, ಡೀಸೆಲ್. ವಿದ್ಯಾರ್ಥಿಗಳನ್ನು ಹೊತ್ತು ಬೆಟ್ಟ ಹತ್ತುವ ಬಸ್ಸು ಓಡುವುದೂ ಡೀಸೆಲ್ಲಿನಲ್ಲೇ. 2024ರ ಬರದಲ್ಲಿ ಜಲಾಶಯಗಳು ಬತ್ತಿ ಸರ್ಕಾರಿ ವಿದ್ಯುತ್ ಸಂಸ್ಥೆ ಕರೆಂಟು ಕಡಿತ ಘೋಷಿಸಬೇಕಾಯಿತು. ಮಳೆ ಬಂದದ್ದರಿಂದ ಅದನ್ನು ಕೈಬಿಟ್ಟಿತು. ಎಲ್ ಡಿಕಿಸ್ ಎಂಬ ಭಾರೀ ಅಣೆಕಟ್ಟಿನ ಯೋಜನೆಯನ್ನು ತೆರಾಬಾ ಮೂಲನಿವಾಸಿಗಳು ವರ್ಷಗಟ್ಟಲೆ ವಿರೋಧಿಸಿದರು. 2011ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಜೇಮ್ಸ್ ಅನಾಯಾ ಬಂದು ವಿಚಾರಿಸಿದರು, 2018ರಲ್ಲಿ ಯೋಜನೆ ನಿಂತಿತು. ಹಸಿರು ವಿದ್ಯುತ್ತಿಗೂ ಮುಳುಗುವ ಊರುಗಳ ಲೆಕ್ಕವಿರುತ್ತದೆ ಎಂಬುದು ಶರಾವತಿ, ಕಾಳಿ ಕಣಿವೆಗಳನ್ನು ಬಲ್ಲ ಕನ್ನಡ ಓದುಗರಿಗೆ ಹೊಸ ಮಾತಲ್ಲ.

ಪ್ರವಾಸದ ನಕ್ಷೆಯಲ್ಲಿ ಸಾಮಾನ್ಯವಾಗಿ ಕಾಣದ ಊರೆಂದರೆ ಕೆರಿಬಿಯನ್ ಬದಿಯ ಸಿಕಿರೆಸ್. ತಾಜಾ ಅನಾನಸ್ ರಫ್ತಿನಲ್ಲಿ ಕೋಸ್ಟರಿಕಾ ಜಗತ್ತಿಗೇ ಮೊದಲನೆಯದು. ಸಿಕಿರೆಸ್ ಸುತ್ತಿನ ಹಳ್ಳಿಗಳ ಕುಡಿಯುವ ನೀರಿನಲ್ಲಿ ಬ್ರೋಮಾಸಿಲ್ ಎಂಬ ಕಳೆನಾಶಕ ಸೇರಿ, ಜನ ವರ್ಷಗಟ್ಟಲೆ ಟ್ಯಾಂಕರ್ ನೀರಿಗೆ ಕೊಡ ಹಿಡಿದು ಕಾಯಬೇಕಾಯಿತು. ಬ್ರೋಮಾಸಿಲ್ ನಿಷೇಧವಾದದ್ದು 2017ರಲ್ಲಿ. ಕಾಡು ಬೆಳೆಸಿದ ದೇಶವೇ ನೀರು ಕೆಡಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗಿಂತ ಒಳ್ಳೆಯ ಪಠ್ಯ ಸುಸ್ಥಿರತೆಯ ವಿದ್ಯಾರ್ಥಿಗೆ ಸಿಗಲಾರದು. ಆ ಹಣ್ಣು ಕೊನೆಗೆ ಸೇರುವುದು ಅದೇ ವಿದ್ಯಾರ್ಥಿಗಳ ಊರಿನ ಅಂಗಡಿಗಳನ್ನು.

ವಿಮಾನದ ಲೆಕ್ಕವನ್ನೂ ಬಿಡುವಂತಿಲ್ಲ. ನ್ಯೂಯಾರ್ಕಿನಿಂದ ಸ್ಯಾನ್ ಹೊಸೆಗೆ ಹೋಗಿಬರಲು ಸುಮಾರು 7,000 ಕಿ.ಮೀ. ತಲೆಗೆ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡು ಇದರಿಂದ ಹೊಮ್ಮುತ್ತದೆ. ಕೋಸ್ಟರಿಕಾದ ಪ್ರಜೆಯೊಬ್ಬರ ಇಡೀ ವರ್ಷದ ಪಾಲು ಒಂದೂವರೆ ಟನ್ನಿನ ಆಸುಪಾಸು. ಈ ಕಾರಣಕ್ಕೆ ಪ್ರವಾಸವೇ ಬೇಡ ಎನ್ನುವುದು ಅತಿರೇಕದ ವಾದ. ಎರಡು ತಿಂಗಳು ಉಳಿದು ಒಂದು ಪ್ರಶ್ನೆಗೆ ಉತ್ತರ ಹುಡುಕಿದವರಿಗೂ ಹತ್ತು ದಿನ ಸುತ್ತಿ ಹೋದವರಿಗೂ ವಿಮಾನದಲ್ಲಿ ತಗಲುವ ಇಂಗಾಲದ ವೆಚ್ಚ ಒಂದೇ ಎಂಬುದು ಮಾತ್ರ ಯೋಚಿಸಬೇಕಾದ ಸಂಗತಿ.

ಕಾಲದ ಅಂತರ ಎಷ್ಟು ಮುಖ್ಯವೆಂಬುದಕ್ಕೆ ಗ್ವಾನಕಾಸ್ಟೆ ಪ್ರಾಂತ್ಯದ ಕಿತ್ತಳೆ ಸಿಪ್ಪೆಯ ಪ್ರಕರಣ ಒಳ್ಳೆಯ ನಿದರ್ಶನ. ಪರಿಸರ ವಿಜ್ಞಾನಿಗಳಾದ ಡ್ಯಾನಿಯೆಲ್ ಜಾನ್ಜೆನ್, ವಿನಿ ಹಾಲ್ವಾಕ್ಸ್ ದಂಪತಿ ಡೆಲ್ ಓರೋ ಎಂಬ ಹಣ್ಣಿನ ರಸದ ಕಂಪನಿಯೊಂದಿಗೆ ಒಪ್ಪಂದ ಕುದುರಿಸಿದರು. ಕಂಪನಿ ತನ್ನ ಕಾಡಿನ ಒಂದು ಭಾಗವನ್ನು ಸಂರಕ್ಷಣೆಗೆ ಬಿಟ್ಟುಕೊಟ್ಟರೆ, ಸಿಪ್ಪೆಯನ್ನು ಸಂರಕ್ಷಿತ ಪ್ರದೇಶದ ಬರಡು ಹುಲ್ಲುಗಾವಲಿನಲ್ಲಿ ಪುಕ್ಕಟೆಯಾಗಿ ಸುರಿಯಬಹುದು. ಸುಮಾರು 12,000 ಟನ್ ಸಿಪ್ಪೆ ಮೂರು ಹೆಕ್ಟೇರಿನಲ್ಲಿ ಬಿತ್ತು. ಸಂರಕ್ಷಿತ ಪ್ರದೇಶವನ್ನು ಹೊಲಸು ಮಾಡಿದ್ದಾರೆಂದು ಪ್ರತಿಸ್ಪರ್ಧಿ ಕಂಪನಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು, ಕೆಲಸ ನಿಂತಿತು. 2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಆ ಜಾಗ ಹುಡುಕಿಕೊಂಡು ಹೋದಾಗ ಬಳ್ಳಿಗಳು ಎಷ್ಟು ಹಬ್ಬಿದ್ದವೆಂದರೆ, ಗುರುತಿಗೆ ನಿಲ್ಲಿಸಿದ್ದ ದೊಡ್ಡ ಹಳದಿ ಅಕ್ಷರದ ಫಲಕವೇ ಕಣ್ಣಿಗೆ ಬೀಳಲಿಲ್ಲ. ಸಿಪ್ಪೆ ಬೀಳದ ಪಕ್ಕದ ನೆಲಕ್ಕಿಂತ ಅಲ್ಲಿ ನೆಲದ ಮೇಲಿನ ಸಸ್ಯರಾಶಿ ಶೇ. 176ರಷ್ಟು ಹೆಚ್ಚಿತ್ತು. 2017ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಸಿಪ್ಪೆ ಸುರಿದ ವರ್ಷ ಹತ್ತು ದಿನದ ಪ್ರವಾಸಿ ತಂಡವೊಂದು ಅಲ್ಲಿಗೆ ಬಂದಿದ್ದರೆ, ಅದು ಮೂಗು ಮುಚ್ಚಿಕೊಂಡು ನ್ಯಾಯಾಲಯದ ಪರವಾಗಿಯೇ ವರದಿ ಬರೆಯುತ್ತಿತ್ತು.

ಸಂಶೋಧನಾ ಕೇಂದ್ರದಲ್ಲಿ ನೆಲೆನಿಂತು, ಹಿಂದಿನ ತಂಡದ ಅಂಕಿಗಳ ಮೇಲೆ ತನ್ನ ಅಂಕಿ ಸೇರಿಸಿ, ಮುಂದಿನವರಿಗೆ ಬಿಟ್ಟುಹೋಗುವ ಹಳೆಯ ಪದ್ಧತಿಯೇ ಮೇಲು. ಅದಕ್ಕೂ ಮಿತಿಗಳಿವೆ: ಜೀವವಿಜ್ಞಾನಕ್ಕೆ ಅಂಟಿಕೊಂಡ ಅದು ಅನಾನಸ್ ತೋಟದ ಕೂಲಿಯನ್ನಾಗಲಿ ತೆರಾಬಾದ ಭೂಮಿಯನ್ನಾಗಲಿ ಸಾಕಷ್ಟು ಮುಟ್ಟಿಲ್ಲ, ಖರ್ಚೂ ಜಾಸ್ತಿ. ಅಲ್ಪಾವಧಿಯ ಪ್ರವಾಸ ಆಸಕ್ತಿ ಹುಟ್ಟಿಸಲು ಸಾಕು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಲಾಗದು. ಮಾಂಟೆವರ್ಡೆಯ ಜೊತೆಗೆ ಸಿಕಿರೆಸ್ ಇಲ್ಲದ, ಒಂದೇ ಜಾಗದಲ್ಲಿ ಕೆಲವು ವಾರವಾದರೂ ನಿಲ್ಲದ ಕಾರ್ಯಕ್ರಮಕ್ಕೆ ವಿಶ್ವವಿದ್ಯಾಲಯಗಳು ಕ್ಷೇತ್ರ ಅಧ್ಯಯನದ ಅಂಕ ಕೊಡುವುದು ಸರಿಯಲ್ಲ.