ಮಾತು ಮೌನವಾದೆಡೆ: ಎಝ್ರಾ ಜಾಕ್ ಕೀಟ್ಸ್ ಅವರ ಚಿತ್ರಪುಸ್ತಕಗಳು

ಚಿತ್ರವು ಹೇಳಿದ್ದನ್ನು ಮಾತು ಮತ್ತೆ ಹೇಳಬೇಕೆ ಎಂಬುದು ಮಕ್ಕಳ ಚಿತ್ರಪುಸ್ತಕ ಪ್ರಕಾರದ ಮೂಲಭೂತ ಪ್ರಶ್ನೆ. ಅಮೆರಿಕದ ಲೇಖಕ-ಚಿತ್ರಕಾರ ಎಝ್ರಾ ಜಾಕ್ ಕೀಟ್ಸ್ (1916-1983) ಅವರ ಸಂದರ್ಭದಲ್ಲಿ ಇದು ಕೇವಲ ರೂಪದ ಪ್ರಶ್ನೆಯಾಗಿ ಉಳಿಯದೆ ವರ್ಣಭೇದದ ಚರ್ಚೆಯ ಭಾಗವೂ ಆಯಿತು.

ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ದಂಪತಿಗಳ ಮಗನಾಗಿ ಬ್ರೂಕ್ಲಿನ್‌ನಲ್ಲಿ ಜನಿಸಿದ ಅವರ ಮೂಲ ಹೆಸರು ಜೇಕಬ್ ಎಝ್ರಾ ಕಾಟ್ಸ್. ಯಹೂದಿ ದ್ವೇಷದ ಅಂದಿನ ವಾತಾವರಣದಲ್ಲಿ, 1947ರಲ್ಲಿ, ಆ ಹೆಸರನ್ನು ಅವರು ಬದಲಿಸಿಕೊಂಡರು. ಗುರುತನ್ನು ಮರೆಮಾಡಬೇಕಾಗಿ ಬಂದ ಕಲಾವಿದನೇ ಮುಂದೆ ಇನ್ನೊಂದು ಸಮುದಾಯದ ಮಗುವನ್ನು ಪುಟದ ನಡುವಿಗೆ ತಂದದ್ದು ಗಮನಾರ್ಹ. 1950ರ ದಶಕದಲ್ಲಿ ಪರರ ಕಥೆಗಳಿಗೆ ಚಿತ್ರ ಬರೆಯುತ್ತಿದ್ದಾಗ ಕಪ್ಪು ಮಗು ನಾಯಕನಾದ ಹಸ್ತಪ್ರತಿ ಅವರ ಕೈಗೆ ಬರಲೇ ಇಲ್ಲ. ಆದರೆ 1940ರಲ್ಲಿ 'ಲೈಫ್' ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಒಬ್ಬ ಪುಟ್ಟ ಕಪ್ಪು ಹುಡುಗನ ಛಾಯಾಚಿತ್ರಗಳು ಅವರ ಬಳಿ ಉಳಿದಿದ್ದವು. ಎರಡು ದಶಕಗಳ ತರುವಾಯ ಆ ಹುಡುಗನೇ 'ದಿ ಸ್ನೋಯಿ ಡೇ' (1962) ಕೃತಿಯ ಪೀಟರ್ ಆದನು.

ಕಥೆ ಎಂದು ಹೇಳಲು ಅಲ್ಲಿ ಹೆಚ್ಚೇನೂ ಇಲ್ಲ. ಕೆಂಪು ಉಡುಪಿನ ಹುಡುಗನೊಬ್ಬ ಹಿಮದಲ್ಲಿ ಹೆಜ್ಜೆ ಮೂಡಿಸುತ್ತಾನೆ. ಜೇಬಿನಲ್ಲಿಟ್ಟ ಹಿಮದ ಉಂಡೆ ಮನೆಯಲ್ಲಿ ಕರಗಿಹೋಗುತ್ತದೆ. ಕೃತಿಯ ಜೀವ ಇರುವುದು ಅದರ ಸಾಮಗ್ರಿಯಲ್ಲಿ. ಬಣ್ಣದ ಕಾಗದ, ಬಟ್ಟೆಯ ತುಂಡುಗಳನ್ನು ಅಂಟಿಸಿ, ರಬ್ಬರನ್ನು ಕೊರೆದು ಮಾಡಿದ ಅಚ್ಚುಗಳಿಂದ ಹಿಮದ ಹರಳುಗಳನ್ನು ಒತ್ತಿ, ಹಲ್ಲುಜ್ಜುವ ಬ್ರಷ್‌ನಿಂದ ಮಸಿ ಸಿಡಿಸಿ ಕಟ್ಟಿದ ಪುಟಗಳಿವು. ಮಗುವೇ ತನ್ನ ಕೈಯಾರೆ ಮಾಡಬಹುದಾದ ಕೆಲಸವೆನಿಸುವಷ್ಟು ಸರಳವಾಗಿ ಕಾಣುವ ಈ ವಿಧಾನದ ಹಿಂದೆ ಖಾಲಿ ಬಿಳುಪನ್ನು ಬಳಸುವ ಅಸಾಧಾರಣ ಸಂಯಮವಿದೆ. 1963ರ ಕಾಲ್ಡೆಕಾಟ್ ಪದಕ ಇದಕ್ಕೆ ಸಂದಿತು.

1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅವರು ಅಮೆರಿಕದ ಮಕ್ಕಳ ಪುಸ್ತಕಗಳ ಬಿಳಿಯ ಜಗತ್ತನ್ನು ವಿಶ್ಲೇಷಿಸುತ್ತಾ, ಪೀಟರ್‌ನ ವರ್ಣವನ್ನು ಪಠ್ಯ ಎಲ್ಲಿಯೂ ಹೇಳುವುದಿಲ್ಲವೆಂದೂ, ತಾಯಿಯ ಸ್ಥೂಲ ರೂಪ ಹಳೆಯ ಅಚ್ಚಿನದೆಂದೂ ಆಕ್ಷೇಪಿಸಿದರು. ಚಿತ್ರದಲ್ಲಿ ಕಾಣುವುದಕ್ಕೆ ಜನಾಂಗದ ಚೀಟಿ ಅಂಟಿಸಬೇಕೆ ಎಂಬುದು ಕೀಟ್ಸರ ಪ್ರತಿಪ್ರಶ್ನೆ. ಮೊದಲ ಆಕ್ಷೇಪ ನಿಲ್ಲುವುದಿಲ್ಲ: ಬಿಳಿಯ ಮಗುವಿನ ಕಥೆ ತನ್ನ ವರ್ಣವನ್ನು ಎಂದೂ ಘೋಷಿಸದಿರುವಾಗ ಪೀಟರ್ ಮಾತ್ರ ಏಕೆ ಘೋಷಿಸಬೇಕು? ಎರಡನೆಯದನ್ನು ಹಾಗೆ ತಳ್ಳಿಹಾಕಲಾಗದು. ಚಿತ್ರಕ್ಕೇ ಮಾತನ್ನು ಒಪ್ಪಿಸಿದ ಕಲಾವಿದ ಚಿತ್ರದ ರೂಢಿಗಳಿಗೂ ಹೊಣೆಗಾರನಾಗುತ್ತಾನೆ. ಇಡೀ ವಿವಾದದಲ್ಲಿ ತೂಕವುಳ್ಳ ಮಾತೆಂದರೆ ಇದೊಂದೇ. ಕೀಟ್ಸರ ಅಭಿಮಾನಿಗಳು ಇದನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ.

ಮುಂದಿನ ಕೃತಿಗಳಲ್ಲಿ ಪೀಟರ್ ಬೆಳೆಯುತ್ತಾನೆ. 'ಪೀಟರ್ಸ್ ಚೇರ್' (1967) ಕೃತಿಯಲ್ಲಿ ಅವನಿಗೆ ತಂಗಿಯ ಮೇಲೆ ಅಸೂಯೆ. 'ಗಾಗಲ್ಸ್!' (1969) ಕೃತಿಯಲ್ಲಿ ಹಿಮದ ಬಿಳುಪು ಮಾಯವಾಗಿ, ಕಸ ತುಂಬಿದ ಬೀದಿ, ಬೆನ್ನಟ್ಟುವ ದೊಡ್ಡ ಹುಡುಗರು ಬರುತ್ತಾರೆ. ಅಂಟಿಸಿದ ಕಾಗದಕ್ಕಿಂತ ಕುಂಚದ ಗಾಢ ಬಣ್ಣವೇ ಅಲ್ಲಿ ಮೇಲುಗೈ ಪಡೆಯುತ್ತದೆ. 'ಪೆಟ್ ಶೋ!' (1972) ಬರುವ ವೇಳೆಗೆ ಕಥೆ ಗೆಳೆಯ ಆರ್ಚಿಯದಾಗಿ, ಪೀಟರ್ ಓಣಿಯ ಮಕ್ಕಳ ಗುಂಪಿನಲ್ಲಿ ಒಬ್ಬನಾಗಿ ನಿಂತಿರುತ್ತಾನೆ.