ಮಿಶ್ರವಾಕ್ಯದ ಅಳತೆಗೋಲು: ಶಾಲಾ ಇಂಗ್ಲಿಷ್ ವ್ಯಾಕರಣದ ವಿಮರ್ಶೆ

ಒಂದು ಪ್ರಧಾನ ವಾಕ್ಯ, ಅದಕ್ಕೆ ಅಧೀನವಾದ ಒಂದು ಅಥವಾ ಹೆಚ್ಚು ಉಪವಾಕ್ಯಗಳು: ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಿಂದ ನಮಗೆ ಪರಿಚಿತವಾದ ಮಿಶ್ರವಾಕ್ಯದ ಈ ಲಕ್ಷಣದಲ್ಲಿ ದೋಷವಿಲ್ಲ. ಉಪವಾಕ್ಯವನ್ನು ಗುರುತಿಸಲು ಪೂರ್ಣ ಕ್ರಿಯಾಪದವನ್ನೇ ಅಳತೆಗೋಲಾಗಿಸುವ ಶಾಲಾ ರೂಢಿಯಲ್ಲಿ ತೊಡಕಿದೆ ಎಂಬುದು ನಮ್ಮ ವಾದ.

ವಿರೂಪಾಪುರಗಡ್ಡೆಗೂ ಹಂಪಿಗೂ ನಡುವೆ ತುಂಗಭದ್ರೆ ಹರಿಯುತ್ತದೆ. ಗಡ್ಡೆಯ ದಡದಲ್ಲಿ ನಿಂತವರು ಸಹಜವಾಗಿ ಆಡಬಹುದಾದ ವಾಕ್ಯವೊಂದನ್ನು ಪರಿಶೀಲಿಸೋಣ: ‘ನಾವು ಇಳಿದ ಹರಿಗೋಲು ಹಂಪಿಗೆ ಮರಳಿತು’. ಇಲ್ಲಿ ‘ಮರಳಿತು’ ಎಂಬುದೊಂದೇ ಪೂರ್ಣ ಕ್ರಿಯಾಪದ. ಆದ್ದರಿಂದ ಮೇಲಿನ ಅಳತೆಗೋಲಿನಂತೆ ಇದು ಸಾಮಾನ್ಯ ವಾಕ್ಯ. ಆದರೆ ‘ಇಳಿದ’ ಎಂಬ ಕೃದಂತಕ್ಕೆ ‘ನಾವು’ ಎಂಬ ಸ್ವಂತ ಕರ್ತೃವಿದೆ, ಭೂತಕಾಲದ ಸೂಚನೆಯೂ ಇದೆ. ವಾಕ್ಯದೊಳಗೆ ವಾಕ್ಯವಿರುವುದು ಸ್ಪಷ್ಟ. ಇಂಥ ರಚನೆಯನ್ನು ನಿತ್ಯ ಬಳಸುವ ವಿದ್ಯಾರ್ಥಿಗೆ ಮಿಶ್ರವಾಕ್ಯವು ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ಎದುರಾಗುವ ಸಂಗತಿಯೆಂದು ಹೇಳಿದಂತಾಗುತ್ತದೆ.

ನಿಜವಾದ ಕಷ್ಟ ಬೇರೆಡೆ ಇದೆ. ‘ನಾವು ಇಳಿದ ಹರಿಗೋಲು’, ‘ನಾವು ಇಳಿದ ದಡ’ ಎಂಬೆರಡರಲ್ಲಿಯೂ ಕೃದಂತದ ರೂಪ ಒಂದೇ. ಮೊದಲನೆಯದರಲ್ಲಿ ಪಂಚಮಿಯ ಅರ್ಥ, ಎರಡನೆಯದರಲ್ಲಿ ಸಪ್ತಮಿಯ ಅರ್ಥ ಅಡಗಿದೆ. ಕನ್ನಡವು ಕೇಳುಗನ ಊಹೆಗೆ ಬಿಡುವ ಈ ಸಂಬಂಧವನ್ನು ಇಂಗ್ಲಿಷ್ ‘ಫ್ರಮ್ ವಿಚ್’, ‘ಆನ್ ವಿಚ್’ ಎಂದು ಬಾಯಿಬಿಟ್ಟು ಹೇಳುತ್ತದೆ. ವಿಶೇಷಣ ವಾಕ್ಯವೂ ನಾಮಪದದ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಪೂರ್ಣ ಕ್ರಿಯಾಪದಗಳನ್ನು ಎಣಿಸುವ ಅಭ್ಯಾಸಗಳು ಈ ಎರಡು ವ್ಯತ್ಯಾಸಗಳನ್ನೂ ಮುಟ್ಟುವುದಿಲ್ಲ.

ಇದು ಕನ್ನಡದ ವಿಶೇಷ ಮಾತ್ರ, ಇಂಗ್ಲಿಷಿಗೆ ಹಳೆಯ ಅಳತೆಗೋಲೇ ಸಾಕು ಎಂಬ ಆಕ್ಷೇಪ ಬರಬಹುದು. ಆದರೆ ಕ್ವರ್ಕ್ ಮತ್ತು ಸಂಗಡಿಗರು 1985ರ ಬೃಹದ್ವ್ಯಾಕರಣದಲ್ಲಿ ಇಂಗ್ಲಿಷಿನ ಅಪೂರ್ಣ ಕ್ರಿಯೆಯ ಘಟಕಗಳನ್ನೂ ಉಪವಾಕ್ಯಗಳೆಂದೇ ಪರಿಗಣಿಸಿದ್ದಾರೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಶಾಲಾ ಅಳತೆಗೋಲು ಇಂಗ್ಲಿಷಿಗೂ ಸಾಲದೆಂಬುದನ್ನು ಅದರೊಂದಿಗೆ ಸೇರಿಸಬೇಕಾಗಿದೆ.

ಬೋಧನೆಗೆ ಒಂದು ಮೆಟ್ಟಿಲು ಕನ್ನಡದಲ್ಲಿಯೇ ಇದೆ: ‘ಯಾವ ಹರಿಗೋಲಿನಿಂದ ನಾವು ಇಳಿದೆವೋ ಅದು ಹಂಪಿಗೆ ಮರಳಿತು’. ಈ ರಚನೆ ಗ್ರಾಂಥಿಕವಾದುದು. ಆಡುಮಾತಿನ ಮಾದರಿಯೆಂದು ಇದನ್ನು ಕಲಿಸಬಾರದು. ಆದರೂ ಕೃದಂತದಲ್ಲಿ ಮರೆಯಾಗಿದ್ದ ‘ಇಂದ’ ಪ್ರತ್ಯಯ ಇಲ್ಲಿ ಹೊರಗೆ ಕಾಣುತ್ತದೆ. ಕೃದಂತದಿಂದ ‘ಯಾವ–ಅದು’ ರಚನೆಗೆ, ಅಲ್ಲಿಂದ ‘ಫ್ರಮ್ ವಿಚ್’ಗೆ ಸಾಗುವ ಪಾಠಕ್ರಮವು ವಿದ್ಯಾರ್ಥಿಗೆ ತಿಳಿದಿರುವುದನ್ನು ತಿಳಿದಿದೆಯೆಂದು ಒಪ್ಪಿಕೊಂಡೇ ಆರಂಭವಾಗುತ್ತದೆ.